ಎರಡನೆಯ ಸಿಡಿ

ಗದಗ ಹೊಸ ಜಿಲ್ಲೆಯಾಗಿ ನಾಲ್ಕಾರು ವರ್ಷ ಕಳೆದಿದ್ದವು. ಜಿಲ್ಲೆಯಾದರೆ ಅದು ಬರುತ್ತದೆ, ಇದು ಬರುತ್ತದೆ ಎಂದು ಹೇಳಿದ್ದರು. ನನ್ನ ಪಾಲಿಗೆ ಬಂದದ್ದು ಬಸ್ ಸ್ಟ್ಯಾಂಡಿನ ಹತ್ತಿರದ ಒಂದು ಸಿಡಿ ಅಂಗಡಿ. ಆಗ ನಾನು ಲಕ್ಷ್ಮೇಶ್ವರದಲ್ಲಿ ಶಾಲೆಯ ಶಿಕ್ಷಕಿ. ಬೆಟಗೇರಿಯ ಮನೆಯಿಂದ ದಿನವೂ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಸಂಜೆ ಗದಗಿನಲ್ಲಿಳಿದು, ಬೆಟಗೇರಿಯ ಆಟೋ ತುಂಬುವವರೆಗೆ ಆ ಅಂಗಡಿಯಲ್ಲಿ ನಿಲ್ಲುವುದು ರೂಢಿಯಾಯಿತು. ಹೊಸ ಸಿನಿಮಾಗಳಿಗೆ ಗಾಜಿನ ಕಪಾಟು. ಯಾರೂ ಕೇಳದ ಕಪ್ಪು-ಬಿಳುಪಿನವಕ್ಕೆ ನೆಲದ ಮೇಲೊಂದು ರಟ್ಟಿನ ಪೆಟ್ಟಿಗೆ, ಸಂತೆ ಮುಗಿಯುವ ಹೊತ್ತಿನ ಬದನೆಕಾಯಿಯ ಹಾಗೆ. ನಾನು ಆ ಪೆಟ್ಟಿಗೆಯ ಗಿರಾಕಿ.

ಆ ಸಿನಿಮಾಗಳ ಹೆಸರು ಹೇಳಿದರೂ ನಿಮಗೆ ಗೊತ್ತಾಗಲಿಕ್ಕಿಲ್ಲ, ಬಿಡಿ. ಒಂದರಲ್ಲಿ ಸಣ್ಣ ಸ್ಟೇಷನ್ನಿನ ಮಾಸ್ತರನೊಬ್ಬ ಇಡೀ ಚಿತ್ರ ಒಂದು ರೈಲಿಗಾಗಿ ಕಾಯುತ್ತಾನೆ. ರೈಲು ಬಂದಾಗ ಅದು ನಿಲ್ಲದೆ ಹೋಗುತ್ತದೆ. ಮಾತುಗಳೆಲ್ಲ ಬಾವಿಯೊಳಗಿಂದ ಬಂದ ಹಾಗೆ ಕೇಳಿಸುತ್ತವೆ. ಆದರೂ ಆ ಮಾಸ್ತರ ಹಸಿರು ಬಾವುಟವನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಳ್ಳುವ ರೀತಿ ನೋಡಿ ನನಗೆ ಎರಡು ದಿನ ಅನ್ನ ರುಚಿಸಲಿಲ್ಲ. ಇನ್ನೊಂದರಲ್ಲಿ ನಾಯಕ ಶುದ್ಧ ಪೆದ್ದ. ಖಳನಾಯಕನೇ ಅವನಿಗಿಂತ ಎಷ್ಟೋ ವಾಸಿ, ಕಡೆಗೆ ಮನೆಯ ಆಳಿಗೆ ಒಂದು ಲೋಟ ನೀರನ್ನಾದರೂ ಕೊಡುತ್ತಾನೆ. ನನಗೆ ನಾಯಕ ನಾಯಕಿಯರ ಮೇಲೆ ಕಣ್ಣು ನಿಲ್ಲುವುದೇ ಇಲ್ಲ. ಹಿಂದೆ ಕೂತು ಅಕ್ಕಿ ಆರಿಸುವ ಹೆಂಗಸು ಒಂದು ಗಳಿಗೆ ಮರೆತು ಕ್ಯಾಮರಾ ಕಡೆ ನೋಡಿಬಿಡುತ್ತಾಳಲ್ಲ, ಅವಳ ಮೇಲೆ ನನಗೆ ಪ್ರೀತಿ.

ನನ್ನ ಗಂಡನಿಗೆ ಮುಂಡರಗಿಯಲ್ಲಿ ನೌಕರಿ, ಶನಿವಾರ ಬರುತ್ತಿದ್ದರು, ಯಾವ ಸಿನಿಮಾ ಹಾಕಿದರೂ ಹತ್ತು ನಿಮಿಷಕ್ಕೆ ಗೊರಕೆ. ಹಾಗಾಗಿ ಜೊತೆಗೆ ಕೂತು ನೋಡುವವಳು ಅವ್ವ ಒಬ್ಬಳೇ. ಅಪ್ಪ ತೀರಿಕೊಂಡಿದ್ದ. ಅಪ್ಪ ಅವ್ವ ಇಬ್ಬರೂ ಜೀವಮಾನವೆಲ್ಲ ಬೆಟಗೇರಿಯ ಕೈಮಗ್ಗದಲ್ಲಿ ಸೀರೆ ನೇಯ್ದವರು. ಕಪ್ಪು-ಬಿಳುಪಿನ ಪರದೆ ನೋಡುತ್ತಲೇ ಅವ್ವ ಹೇಳುತ್ತಿದ್ದಳು, "ಆ ಸೀರಿ ಹಸರು. ದಡಿ ಕೆಂಪು."

"ಬಣ್ಣಾನ ಇಲ್ಲ, ನಿನಗ ಹೆಂಗ ಗೊತ್ತಾತು?"

"ಆ ಚೌಕಡಿಗೆ ಬ್ಯಾರೆ ಬಣ್ಣ ಯಾರು ಹಾಕ್ತಾರ? ನೇಯ್ದಾಕಿಗೆ ಕೇಳ್ತಿಯಲ್ಲ."

ಇಂಥ ಅವ್ವನಿಗೆ ಒಂದೇ ಒಂದು ಸಿನಿಮಾದ ಮೇಲೆ ಆಸೆ. ಅದರ ಕಥೆ ನಾನು ಚಿಕ್ಕಂದಿನಿಂದ ಕೇಳಿದ್ದೆ. ಮದುವೆಯಾದ ಎರಡನೆಯ ವರ್ಷ ಅಪ್ಪ ಮನೆಗೆ ಬಂದ ಬೀಗರ ಮುಂದೆ ಅವ್ವ ನೇಯ್ದ ಸೀರೆಯನ್ನು ಹಿಡಿದೆತ್ತಿ, "ಇದನ್ನ ಗೋಣಿಚೀಲ ಮಾಡಾಕೂ ಬರೂದಿಲ್ಲ" ಅಂದಿದ್ದನಂತೆ. ಅವ್ವ ಟ್ರಂಕು ಹಿಡಿದು ಲಕ್ಷ್ಮೇಶ್ವರದ ತವರಿಗೆ ನಡೆದಳು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ, ಇವರದು ಮೂರು ತಿಂಗಳಾದರೂ ಮುಗಿಯಲಿಲ್ಲ. ಅಪ್ಪ ಕರೆಯಲಿಕ್ಕೆ ಬರಲಿಲ್ಲ, ಅವ್ವ ಹೋಗಲಿಲ್ಲ. ಆಗ ಲಕ್ಷ್ಮೇಶ್ವರಕ್ಕೆ ಟೆಂಟ್ ಸಿನಿಮಾ ಬಂತು. ಅದರಲ್ಲಿ ನಾಯಕಿ ಗಂಡನೊಡನೆ ಮುನಿದು, ನವಿಲಿನ ಚಿತ್ರವಿದ್ದ ಟ್ರಂಕು ಹಿಡಿದು ತವರಿಗೆ ಹೋಗುತ್ತಾಳೆ. ಕಡೆಗೆ ತಾನೇ ತಿರುಗಿ ಬಂದು ಗಂಡನ ಮನೆಯ ಬಾಗಿಲು ಬಡಿಯಲು ನಗುತ್ತ ಕೈ ಎತ್ತುತ್ತಾಳೆ. ಪರದೆಯ ಮೇಲೆ "ಶುಭಂ". ಮರುದಿನವೇ ಅವ್ವ ಬೆಟಗೇರಿಗೆ ಬಂದಳು.

"ಆ ಸಿನಿಮಾ ನೋಡಿರಲಿಲ್ಲಂದ್ರ ನೀ ಹುಟ್ತಿರಲಿಲ್ಲ" ಎಂದು ನಾನು ಹಟ ಮಾಡಿದಾಗೆಲ್ಲ ಅವ್ವ ಹೇಳುತ್ತಿದ್ದಳು. ಆ ಸಿನಿಮಾವನ್ನು ಹೊಗಳುತ್ತಿದ್ದಳೋ ಬೈಯುತ್ತಿದ್ದಳೋ ತಿಳಿಯುತ್ತಿರಲಿಲ್ಲ.

ಒಂದು ಸಂಜೆ ರಟ್ಟಿನ ಪೆಟ್ಟಿಗೆಯಲ್ಲಿ ನವಿಲಿನ ಟ್ರಂಕು ಹಿಡಿದ ಹೆಂಗಸಿನ ಚಿತ್ರ ಸಿಕ್ಕಿತು. ಒಳಗೆ ಎರಡು ಸಿಡಿ, ಆಗಿನ ಸಿನಿಮಾಗಳೆಲ್ಲ ಎರಡು ಭಾಗವಾಗಿ ಬರುತ್ತಿದ್ದವು. ಸಿಕ್ಕ ಸಂತೋಷಕ್ಕೆ ಆಟೋದಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡೇ ಬಂದೆ. ಅವ್ವ ಬಿಂಕದಕಟ್ಟಿಯ ನೆಂಟರ ಮನೆಗೆ ಹೋಗಿದ್ದಳು. ಅವಳು ಬರುವ ಮುಂಚೆ ಸಿಡಿ ಸರಿ ಇದೆಯೋ ಇಲ್ಲವೋ ನೋಡೋಣವೆಂದು ಹಚ್ಚಿದೆ. ಹಚ್ಚಬಾರದಿತ್ತು.

ಅವ್ವ ಹೇಳಿದಂತೆ ನಾಯಕಿ ತಿರುಗಿ ಬರುತ್ತಾಳೆ, ನಗುತ್ತ ಕೈ ಎತ್ತುತ್ತಾಳೆ. ಆದರೆ ಚಿತ್ರ ಅಲ್ಲಿ ಮುಗಿಯುವುದಿಲ್ಲ. ಅವಳು ಬಾಗಿಲು ಬಡಿಯುತ್ತಾಳೆ. ಒಳಗೆ ಗಂಡ ಕೇಳಿಸಿಕೊಂಡೂ ಏಳುವುದಿಲ್ಲ, ಇನ್ನೊಮ್ಮೆ ಬಡಿಯಲಿ ಎಂಬ ಬಿಂಕ. ಮಳೆ ಬರುತ್ತದೆ. ಬೆಳಗ್ಗೆ ಅವನು ಚಿಲಕ ತೆಗೆದಾಗ ಅವಳು ಟ್ರಂಕಿಗೆ ಒರಗಿ ಕೂತಿದ್ದಾಳೆ, ಜೀವವಿಲ್ಲ. ಗಂಡನ ಪಾತ್ರದವನು ಬಾಗಿಲಿನ ಚಿಲಕವನ್ನು ಎಳೆಯುತ್ತ, ಹಾಕುತ್ತ ನಿಲ್ಲುತ್ತಾನೆ. ನಾನು ನೋಡಿದ ಹಳೆಯ ಚಿತ್ರಗಳಲ್ಲಿ ಇಷ್ಟು ಒಳ್ಳೆಯ ನಟನೆ ಕಡಿಮೆ. ಆದರೆ ಆ ಹೊತ್ತಿನಲ್ಲಿ ನಟನೆ ಯಾರಿಗೆ ಬೇಕಿತ್ತು? ನನ್ನ ಅವ್ವ ತನ್ನ ಸಂಸಾರವನ್ನೆಲ್ಲ ಒಂದು ಅರ್ಧ ಸಿನಿಮಾದ ಮೇಲೆ ಕಟ್ಟಿದ್ದಳು. ಇದು ಅವಳಿಗೆ ಗೊತ್ತಾದರೆ ಹೇಗೆ ಎಂದು ನನಗೆ ಹೆದರಿಕೆಯಾಯಿತು.

ಎರಡನೆಯ ಸಿಡಿಯನ್ನು ಅಡುಗೆಮನೆಯ ಮೇಲಿನ ಸಾಲಿನಲ್ಲಿ, ಜೋಳದ ಹಿಟ್ಟಿನ ಡಬ್ಬಿಯ ಹಿಂದೆ ಬಚ್ಚಿಟ್ಟೆ. ಅವ್ವ ಬಂದಳು, ಮೊದಲನೆಯದನ್ನು ಕಣ್ಣು ಮಿಟುಕಿಸದೆ ನೋಡಿದಳು, ಟ್ರಂಕು ಬಂದಾಗ ನನ್ನ ಮೊಣಕೈ ತಿವಿದಳು. ಮುಗಿದ ಮೇಲೆ, "ಇನ್ನೊಂದು ಹಚ್ಚು" ಅಂದಳು.

"ಅದು ಕೆಟ್ಟೈತಿ. ಗೀರು ಬಿದ್ದಾವು."

ಅವ್ವ ನನ್ನ ಮುಖ ನೋಡಿದಳು. "ಆತು ಬಿಡು" ಎಂದು ಎದ್ದು ಹೋದಳು. ಮಾರನೆಯ ದಿನ ಮತ್ತೆ ಕೇಳಿದಳು, ಅಂಗಡಿಯವ ಬದಲಿ ಕೊಡುವುದಿಲ್ಲವೇ ಎಂದು. ಅದರ ಮಾರನೆಯ ದಿನವೂ ಕೇಳಿದಳು. ಅವ್ವ ಯಾವುದನ್ನೂ ಮೂರು ಸಲ ಕೇಳುವವಳಲ್ಲ.

ಲಕ್ಷ್ಮೇಶ್ವರದಲ್ಲಿ ನಮ್ಮ ಶಾಲೆಯ ದಾರಿಯಲ್ಲಿ ಒಬ್ಬ ಮುದುಕರ ಗಾದಿ ಅಂಗಡಿ ಇತ್ತು. ಹತ್ತಿ ಹಿಂಜಿ ಗಾದಿ ತುಂಬುವ ಕೆಲಸ. ಹರೆಯದಲ್ಲಿ ಅವರು ಟೆಂಟ್ ಸಿನಿಮಾದ ಮಶೀನು ನಡೆಸುತ್ತಿದ್ದರೆಂದು ಊರಿಗೆಲ್ಲ ಗೊತ್ತು, ಎಲ್ಲರೂ ಅವರನ್ನು ಕಾಕಾ ಎನ್ನುತ್ತಿದ್ದರು. ಆ ವಾರ ಗಾದಿಯ ನೆವ ಮಾಡಿಕೊಂಡು ಹೋಗಿ ನವಿಲಿನ ಟ್ರಂಕಿನ ಸಿನಿಮಾ ನೆನಪಿದೆಯೇ ಎಂದು ಕೇಳಿದೆ. ಅವರು ಹತ್ತಿಯ ಕೈ ಝಾಡಿಸಿ ನಕ್ಕರು.

"ನೆನಪಿಲ್ಲದ ಏನ್ರಿ ಅಕ್ಕಾರ. ಅದರ ಕಡೀ ತುಕಡಿ ನಾನ ಕತ್ತರಿಸಿದ್ದು."

ಅವರು ಹೇಳಿದ್ದಿಷ್ಟು. ಟೆಂಟಿಗೆ ಬರುವವರಲ್ಲಿ ಬಾಣಂತಿಯರು, ಬಸುರಿಯರು, ತವರಿಗೆ ಬಂದ ಹೆಣ್ಣುಮಕ್ಕಳೇ ಹೆಚ್ಚು. ಹಿಂದೊಮ್ಮೆ ಸಾವಿನಲ್ಲಿ ಮುಗಿಯುವ ಚಿತ್ರ ನೋಡಿ ಒಬ್ಬ ಬಸುರಿ ಅಲ್ಲೇ ಕುಸಿದು ಬಿದ್ದಳು. ಅಂದಿನಿಂದ ಕೊನೆಯಲ್ಲಿ ಹೆಣ ಬಂದರೆ ಕಾಕಾ ಅದಕ್ಕೆ ಮುಂಚೆ ಎಲ್ಲಿ ನಗು ಇದೆಯೋ ಅಲ್ಲಿಗೆ ಕತ್ತರಿ ಹಾಕುತ್ತಿದ್ದರು. ಬೇರೊಂದು ಚಿತ್ರದ "ಶುಭಂ" ಎಂಬ ಗೇಣುದ್ದದ ತುಂಡು ಅವರ ತಂಬಾಕಿನ ಡಬ್ಬಿಯಲ್ಲಿ ಸದಾ ಇರುತ್ತಿತ್ತು, ಅದನ್ನು ತಂದು ಅಂಟಿಸುವುದು. ರೀಲಿನ ಪೆಟ್ಟಿಗೆ ವಾಪಸ್ಸು ಕಳಿಸುವಾಗ ಅದನ್ನು ಕಿತ್ತು, ಮೊದಲಿನ ತುಂಡು ಮತ್ತೆ ಜೋಡಿಸುವುದು.

"ಆ ಒಂದ ಶುಭಂ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ, ಡೋಣಿ ಎಲ್ಲಾ ಕಡೆ ತಿರಿಗೈತ್ರಿ. ಎಷ್ಟು ಸಂಸಾರ ಉಳಿಸೇತೋ ಅಲ್ಲಾನ ಬಲ್ಲ."

ನಾನು ಅವ್ವನ ಕಥೆ ಹೇಳಿದೆ. ಸಿಡಿ ಬಚ್ಚಿಟ್ಟದ್ದನ್ನು ಹೇಳಲಿಲ್ಲ. ಕಾಕಾ ಇನ್ನೊಂದು ಹಿಡಿ ಹತ್ತಿ ತೆಗೆದು ಹಿಂಜಿದರು. ಆಮೇಲೆ, "ನಾ ಕತ್ತರಿಸಿದ್ದು ಗುರ್ತು ಇರಲಾರದ ಮಂದಿಗೆ. ಅವರು ಮನಿಗೆ ಹೋಗಿ ಒಬ್ಬರ ಅಳಬಾರದಂತ. ನಿಮ್ಮ ಅವ್ವನ ಬಾಜೂಕ ನೀವು ಅದೀರಲ್ರಿ. ನೀವು ಕತ್ತರಸಬ್ಯಾಡ್ರಿ" ಅಂದರು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಗಾದಿಗೆ ಅಳತೆ ಕೊಡುವುದನ್ನೂ ಮರೆತು ಬಂದೆ.

ಭಾನುವಾರ ಮಧ್ಯಾಹ್ನ ಊಟವಾಗಿ, ಗಂಡ ಒಳಗೆ ಗೊರಕೆ ಹೊಡೆಯತೊಡಗಿದ ಮೇಲೆ ಡಬ್ಬಿಯ ಹಿಂದಿನ ಸಿಡಿ ತೆಗೆದು ಸೆರಗಿನಿಂದ ಒರೆಸಿ ತಂದೆ. "ಅವ್ವಾ, ಇದು ಕೆಟ್ಟಿರಲಿಲ್ಲ. ಕಡೀಕ ಆಕಿ ಸಾಯ್ತಾಳ. ನೀ ನೋಡಬಾರದಂತ ಮುಚ್ಚಿಟ್ಟಿದ್ದೆ" ಅಂದೆ. ಅವ್ವ ಗೋಡೆಗೆ ಒರಗಿ ಕಾಲು ಚಾಚಿ ಕೂತಳು.

ನಾನು ಸಿನಿಮಾ ನೋಡಲಿಲ್ಲ, ಅವ್ವನನ್ನು ನೋಡಿದೆ. ಕೈ ಎತ್ತುವ ಜಾಗ ಬಂತು, ದಾಟಿತು. ಅವ್ವ ಸ್ವಲ್ಪ ಮುಂದೆ ಬಾಗಿದಳು. ಮಳೆ ಬಂತು, ಬೆಳಗಾಯಿತು, ಗಂಡ ಚಿಲಕ ಎಳೆಯುತ್ತ ಹಾಕುತ್ತ ನಿಂತ. ಅವ್ವನ ಕಣ್ಣಲ್ಲಿ ನೀರು ಬರಲಿಲ್ಲ, ನನ್ನ ಕಣ್ಣಲ್ಲಿ ಬಂತು.

"ನೀ ಯಾಕ ಅಳ್ತಿ? ನನಗ ಇದು ಗೊತ್ತೈತಿ" ಅಂದಳು ಅವ್ವ.

"ಹೆಂಗ ಗೊತ್ತು? ಟೆಂಟಿನ್ಯಾಗ ಕತ್ತರಿಸಿದ್ರಲ್ಲ."

"ನಿಮ್ಮಪ್ಪಾರು ಹೇಳಿದ್ರು."

ಇಲ್ಲಿ ನಮ್ಮ ಮನೆಯ ಒಂದು ವಿಚಿತ್ರ ಹೇಳಬೇಕು. ನಮ್ಮ ಓಣಿಯಲ್ಲಿ ಎಲ್ಲರ ಮನೆಯ ಬಾಗಿಲಿಗೂ ಹಗಲೆಲ್ಲ ಚಿಲಕ. ಹಾಕದಿದ್ದರೆ ಮಗ್ಗದ ನೂಲಿಗೆ ಹಚ್ಚಿದ ಗಂಜಿಯ ಆಸೆಗೆ ಆಡುಗಳು ಒಳಗೆ ನುಗ್ಗುತ್ತವೆ. ನಮ್ಮ ಅಪ್ಪ ಮಾತ್ರ ಎಂದೂ ಚಿಲಕ ಹಾಕಿದವನಲ್ಲ. ರಾತ್ರಿ ಕೂಡ ಕದ ಬರೀ ಮುಂದೆ ಮಾಡಿ, ಅದಕ್ಕೆ ಒತ್ತಿ ಹಾಸಿಗೆ ಹಾಸಿ ಮಲಗುತ್ತಿದ್ದ. ಆಡು ಒಮ್ಮೆ ಅರ್ಧ ಸೀರೆಯ ನೂಲು ಮೆದ್ದು ಹೋದಾಗಲೂ ಅವ್ವ ಆಡಿಗೆ ಬೈದಳೇ ಹೊರತು ಅಪ್ಪನಿಗೆ ಬೈಯಲಿಲ್ಲ. ಓಣಿಯವರು ನಗುತ್ತಿದ್ದರು, ನಾನೂ ನಗುತ್ತಿದ್ದೆ. ಶಾಲೆಯಿಂದ ಬಂದು ಬಾಗಿಲು ಬಡಿಯುವುದೆಂದರೇನೆಂದು ನನಗೆ ಗೊತ್ತಿರಲಿಲ್ಲ.

ಅವ್ವ ಹೇಳಿದಳು, "ನಾ ಲಕ್ಷ್ಮೇಶ್ವರದಿಂದ ತಿರಗಿ ಬಂದಾಗ ಬಾಗಲಾ ಪೂರ್ತಿ ತಗದಿತ್ತು. ಹೊಸ್ತಿಲ ಮ್ಯಾಲ ಆಡು ನಿಂತಿತ್ತು, ಇವರು ಮಗ್ಗದಾಗ ಕುಂತಿದ್ರು. ಇದೇನು, ಬಾಗಲಾ ಹಿಂಗ ಬಿಟ್ಟೀರಿ ಅಂದೆ. ಎರಡು ತಿಂಗಳಾತು, ಹಿಂಗ ಐತಿ ಅಂದ್ರು. ಗದಗಿನ ಟಾಕೀಸಿನ್ಯಾಗ ಈ ಸಿನಿಮಾ ಪೂರಾ ನೋಡಿದ್ದರಂತ. ಅಲ್ಲೇ ಕುಂತು ಅತ್ತಾರ. ನನ್ನ ಕರಿಯಾಕ ಬರಾಕ ಧೈರ್ಯ ಆಗಿಲ್ಲ. ಮನಿಗೆ ಬಂದು ಚಿಲಕ ತಗದು ಕುಂತಾರ, ನಾ ಯಾವತ್ತರ ಬಂದ್ರ ಬಡೀಬಾರದಂತ."

"ಇಷ್ಟು ವರ್ಷ ನನಗ ಹೇಳಲಿಲ್ಲಲ್ಲ."

"ಸಿನಿಮಾ ನೋಡಿ ನಾ ಅತ್ತೆ ಅಂತ ಯಾರಿಗೂ ಹೇಳಬ್ಯಾಡ ಅಂದಿದ್ರು. ಹೇಳಲಿಲ್ಲ."

ಪರದೆ ನೀಲಿಯಾಗಿ ನಿಂತಿತ್ತು. ಅವ್ವ ಸೆರಗು ಸರಿಮಾಡಿಕೊಂಡಳು.

"ಕೇಳಿದ್ದೆ ಅಷ್ಟ, ನೋಡಿರಲಿಲ್ಲ. ಅವರು ಯಾವುದಕ್ಕ ಅತ್ತಿದ್ರೋ ಅದನ್ನೊಮ್ಮೆ ನೋಡಬೇಕು ಅಂತಿತ್ತು" ಎಂದಳು. ಆಮೇಲೆ ಮೆಲ್ಲಗೆ, "ಇನ್ನೊಮ್ಮೆ ಹಚ್ಚು. ಆ ಚಿಲಕದ್ದಷ್ಟ."