ಉಸ್ತಾದರ ಎಡಗೈ ಗೆರೆ

ಹೈದರಾಬಾದ್ ಸಂಸ್ಥಾನವನ್ನು ಭಾರತಕ್ಕೆ ಸೇರಿಸಿದ ಪೊಲೀಸ್ ಆ್ಯಕ್ಷನ್ ಆಗಿ ಇನ್ನೂ ವರ್ಷ ತುಂಬಿರಲಿಲ್ಲ. ಕಮಲಾಪುರದ ನಾನು ಕಲಬುರ್ಗಿಯ ಒಂದು ಕೈಗಾರಿಕಾ ಶಾಲೆಯಲ್ಲಿ ಫಿಟ್ಟರ್ ಕೆಲಸ ಕಲಿಯುತ್ತಿದ್ದೆ. ಆ ಬೇಸಿಗೆಯಲ್ಲಿ ಕೊನೆಯ ಪರೀಕ್ಷೆ. ಹೊಲ ಬಿಟ್ಟು ಬಂದಿದ್ದಕ್ಕೆ ಅಪ್ಪನಿಗೆ ಮೊದಲೇ ನನ್ನ ಮೇಲೆ ಸಿಟ್ಟು. "ಫೇಲಾದ್ರ ಮತ್ತ ಕಲಬುರ್ಗಿ ಮಾತು ತಗೀಬ್ಯಾಡ. ಸುಮ್ಮ ಬಂದು ನೇಗಿಲ ಹಿಡಿ" ಎಂದು ಖಡಕ್ಕಾಗಿ ಹೇಳಿ ಕಳಿಸಿದ್ದ.

ಪರೀಕ್ಷೆಗೆ ಪ್ರತಿಯೊಬ್ಬನೂ ಒಂದು ನಮೂನೆ ಮಾಡಿಕೊಂಡು ಹೋಗಬೇಕಿತ್ತು. ದಪ್ಪ ಕಬ್ಬಿಣದ ತುಂಡಿನಲ್ಲಿ ಚೌಕ ಕಂಡಿ ಕೊರೆದು, ಅದರೊಳಗೆ ಇನ್ನೊಂದು ಚೌಕ ತುಂಡು ಕೂರಿಸುವುದು. ಹೇಗೆ ತಿರುಗಿಸಿ ಕೂರಿಸಿದರೂ ಸಂದಿಯಲ್ಲಿ ಬೆಳಕು ಕಾಣಬಾರದು. ಎಲ್ಲವನ್ನೂ ಅರದಿಂದ ಉಜ್ಜಿಯೇ ಮಾಡಬೇಕು. ಪಾಲಿಶ್ ಕಾಗದ ಮುಟ್ಟುವಂತಿಲ್ಲ, ಅರದ ಗೆರೆಗಳು ಹಾಗೇ ಉಳಿದಿರಬೇಕು. ಹದಿನೈದು ದಿನ ಕೊಟ್ಟಿದ್ದರು. ನಾನು ಹತ್ತು ದಿನದಲ್ಲಿ ಎರಡು ಕಬ್ಬಿಣ ಹಾಳು ಮಾಡಿದೆ.

ನಾನಿದ್ದ ಕೋಣೆಯ ಪಕ್ಕದ ಮನೆಯಲ್ಲಿ ಮಹಬೂಬ್ ಉಸ್ತಾದ್ ಇದ್ದರು. ಬಟ್ಟೆ ಗಿರಣಿಯಲ್ಲಿ ಫಿಟ್ಟರು. ಓಣಿಯ ಹುಡುಗರು ಯಾರೇ ಬಂದರೂ ಪುಕ್ಕಟೆ ಕಲಿಸುವವರು. ಆ್ಯಕ್ಷನ್ ಆದಾಗ ನಿಜಾಮನ ಕಡೆಯವರೆಂದು ಯಾರೋ ಸುಳ್ಳು ಚಾಡಿ ಹೇಳಿ ಅವರನ್ನು ಎರಡು ತಿಂಗಳು ಒಳಗೆ ಹಾಕಿಸಿದ್ದರು. ಬಿಟ್ಟು ಬಂದ ಮೇಲೆ ಗಿರಣಿಯವರು ಮತ್ತೆ ಕೆಲಸ ಕೊಟ್ಟಿದ್ದೇನೋ ನಿಜ, ಆದರೆ ಇನ್ನೊಂದೇ ಒಂದು ತಕರಾರು ಬಂದರೂ ಮನೆಗೆ ಎಂದು ಎಚ್ಚರಿಸಿದ್ದರು. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಈಗ ಬರೆದರೆ ನನ್ನ ಬಾಯಲ್ಲಿ ಹುಳ ಬಿದ್ದಾವು.

"ಅರಾ ಹಿಡಿಯೋದು ತೋರಸ್ತೀನಿ, ಎಲ್ಲಿ ತಪ್ಪಾಗ್ಯಾದ ಹೇಳ್ತೀನಿ. ಆದ್ರ ನಿನ್ನ ಪರೀಕ್ಷಾ ಕಬ್ಬಿಣಕ್ಕ ನಾ ಕೈ ಹಚ್ಚಂಗಿಲ್ಲ ಬೇಟಾ" ಎಂದು ಮೊದಲ ದಿನವೇ ಉಸ್ತಾದ್ ಹೇಳಿದ್ದರು. ಹಾಗೇ ನಡೆದುಕೊಂಡರು ಕೂಡ. ಮೂರನೆಯ ಕಬ್ಬಿಣದಲ್ಲಿ ಮೂರು ಮಗ್ಗಲು ಸರಿಯಾಗಿ ಕೂತವು. ನಾಲ್ಕನೆಯದು ಮಾತ್ರ ಏನು ಮಾಡಿದರೂ ಕೂರಲೊಲ್ಲದು. ಪರೀಕ್ಷೆಗೆ ಒಂದೇ ದಿನ ಉಳಿದಿತ್ತು. ಅವರೆದುರು ಗೊಳೋ ಎಂದು ಅತ್ತುಬಿಟ್ಟೆ.

"ಅಪ್ಪ ನೇಗಿಲಕ್ಕ ಕಟ್ತಾನ್ರೀ ಉಸ್ತಾದ್. ಇದೊಂದು ಸಲ..."

"ಅಳಬ್ಯಾಡೋ ಮಾರಾಯಾ. ತಾ ಇಲ್ಲಿ."

ಅವರೇ ಅರ ಹಿಡಿದು ಉಜ್ಜಿಕೊಟ್ಟರು. ಕಾಲು ತಾಸು ಹಿಡಿಯಲಿಲ್ಲ. ಕಬ್ಬಿಣವನ್ನು ಬಿಸಿಲಿಗೆ ಎತ್ತಿ ಹಿಡಿದೆ. ಒಂದು ಎಳೆ ಬೆಳಕೂ ಇಲ್ಲ! ಕಾಲಿಗೆ ಬೀಳಲು ಹೋದರೆ ತಡೆದು, "ಯಾರ ಮುಂದೂ ಬಾಯಿ ಬಿಡಬ್ಯಾಡ" ಎಂದಷ್ಟೇ ಅಂದರು.

ಮರುದಿನ ಹೈದರಾಬಾದಿನಿಂದ ಬಂದ ಪರೀಕ್ಷಕರು ನನ್ನ ತುಂಡನ್ನು ಕಿಟಕಿಗೆ ಹಿಡಿದು ನಾಲ್ಕೂ ಕಡೆ ತಿರುಗಿಸಿ ನೋಡಿದರು. ಗೆದ್ದೆ ಮಗನೇ ಎಂದು ನಾನು ಒಳಗೊಳಗೇ ಕುಣಿಯುತ್ತಿದ್ದೆ. ಅಷ್ಟರಲ್ಲಿ ಅವರು ಕನ್ನಡಕ ತೆಗೆದು ತುಂಡನ್ನು ಕಣ್ಣಿನ ಹತ್ತಿರ ಹಿಡಿದರು.

"ಯಾವ ಕೈಯಿಂದ ಅರ ಹಾಕ್ತೀ?" ಎಂದು ಉರ್ದುವಿನಲ್ಲಿ ಕೇಳಿದರು.

"ಬಲಗೈರೀ ಸಾಹೇಬ್ರ."

ಒಂದು ಚೂರು ಕಬ್ಬಿಣ ಕೊಟ್ಟು ಉಜ್ಜಿ ತೋರಿಸು ಎಂದರು. ಉಜ್ಜಿದೆ. ಎರಡನ್ನೂ ಪಕ್ಕಪಕ್ಕ ಇಟ್ಟರು. ನನ್ನ ಗೆರೆಗಳು ಒಂದು ಕಡೆ ವಾಲಿದ್ದವು, ನಾಲ್ಕನೆಯ ಮಗ್ಗಲಿನ ಗೆರೆಗಳು ಇನ್ನೊಂದು ಕಡೆ. ಉಸ್ತಾದ್ ಎಡಚರು! ದಿನಾ ನೋಡುತ್ತಿದ್ದರೂ ಈ ಹುಂಬನ ತಲೆಗೆ ಅದು ಹೊಳೆದಿರಲಿಲ್ಲ.

"ಇದು ಯಾರ ಕೈ? ಹೆಸರು ಹೇಳಿದರೆ ಇನ್ನೊಂದು ಅವಕಾಶ ಕೊಡ್ತೀನಿ. ಇಲ್ಲದಿದ್ದರೆ ಇವತ್ತೇ ಶಾಲೆಯಿಂದ ನಿನ್ನ ಹೆಸರು ಹೊಡೆದು ಹಾಕಿಸ್ತೀನಿ."

ಉಳಿದ ಹುಡುಗರೆಲ್ಲ ನನ್ನನ್ನೇ ನೋಡುತ್ತಿದ್ದರು. ಅಪ್ಪ ಕಣ್ಣ ಮುಂದೆ ಬಂದ, ಉಸ್ತಾದರೂ ಬಂದರು. ಸುಮ್ಮನಿರಬಹುದಿತ್ತು. ಇರಲಿಲ್ಲ.

"ನಮ್ಮ ಓಣಿ ಮಹಬೂಬ್ ಉಸ್ತಾದ್‌ರೀ. ಗಿರಣಿ ಫಿಟ್ಟರ್ ಅದಾರ್ರೀ" ಎಂದುಬಿಟ್ಟೆ.

ಜವಾನ ಗಿರಣಿಗೆ ಓಡಿದ. ನನ್ನನ್ನು ಮೂಲೆಯಲ್ಲಿ ನಿಲ್ಲಿಸಿದರು. ಉಸ್ತಾದ್ ಬರದಿರಲಿ, ದಾರಿಯಲ್ಲೇ ತಪ್ಪಿಸಿಕೊಳ್ಳಲಿ ಎಂದು ಮನೆದೇವರಿಗೆ ಹರಕೆ ಹೊತ್ತೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು! ಅರ್ಧ ತಾಸಿನಲ್ಲಿ ಅವರು ಎಣ್ಣೆ ಮೆತ್ತಿದ ಬಟ್ಟೆಯಲ್ಲೇ ಬಂದು ನಿಂತರು. ನನ್ನ ಕಡೆ ನೋಡಲಿಲ್ಲ.

"ಹೌದ್ರೀ ಸಾಹೇಬ್ರ, ನನ್ನ ಕೈನೇ. ಹುಡುಗ ಬ್ಯಾಡಂದ್ರೂ ನಾನೇ ಕಸಗೊಂಡು ಮಾಡೀನಿ. ಅವಂದೇನೂ ತಪ್ಪಿಲ್ಲ."

ನನಗೆ ಬಾಯಿ ಇತ್ತು. ಅದು ಸುಳ್ಳು ಎಂದು ಒಂದು ಮಾತು ಆಡಬಹುದಿತ್ತು. ಆಗಲೂ ಆಡಲಿಲ್ಲ. ಪರೀಕ್ಷಕರು ಅಲ್ಲೇ ಕೂತು ಗಿರಣಿಯವರಿಗೆ ದೂರಿನ ಚೀಟಿ ಬರೆದರು. ನನಗೆ ಮೊದಲೇ ಕಂಡಿ ಕೊರೆದಿದ್ದ ಕಬ್ಬಿಣ ಕೊಟ್ಟು, ಅದಕ್ಕೆ ಕೂರುವ ತುಂಡನ್ನಷ್ಟೇ ಸಂಜೆಯೊಳಗೆ ಮಾಡು ಎಂದರು. ಉಜ್ಜಿದೆ. ಎರಡು ಮಗ್ಗಲಲ್ಲಿ ಬೆಳಕು ಕಂಡಿತು. ಆದರೂ ಹೇಗೋ ದಡ ಮುಟ್ಟುವಷ್ಟು ಅಂಕ ಹಾಕಿದರು.

ಓಣಿಗೆ ಓಡಿಬಂದೆ. ಉಸ್ತಾದ್ ಹೊಸ್ತಿಲ ಮೇಲೆ ಕೂತಿದ್ದರು. ಕೆಲಸ ಹೋಗಿತ್ತು. ಒಳಗೆ ಅವರ ಹೆಂಡತಿ ಅಳುವುದು ಕೇಳುತ್ತಿತ್ತು.

"ಉಸ್ತಾದ್, ನಿಮ್ಮ ಹೆಸರು ನಾನೇ ಹೇಳಿದ್ದು" ಎಂದೆ.

"ಗೊತ್ತದ. ಇನ್ಯಾರಿಗೆ ಗೊತ್ತಿತ್ತು?"

"ಮತ್ತ ಯಾಕ ಸುಳ್ಳು ಹೇಳಿ ನನ್ನ ಉಳಿಸಿದ್ರೀ?"

"ಇಬ್ರೂ ಮುಳುಗಿದ್ರ ಏನ್ ಫಾಯ್ದಾ? ಒಬ್ರದ್ದಾದ್ರೂ ಉಳೀಲಿ ಅಂದೆ" ಎಂದರು. ಆಮೇಲೆ, "ನಿನಗ ಕಲಿಸಿದ್ದಕ್ಕ ಬ್ಯಾಸರಿಲ್ಲ ನನಗ. ಮಾಡಿಕೊಟ್ಟೆ ನೋಡು, ಅದು ತಪ್ಪಾಯ್ತು" ಎಂದರು.

ತಿಂಗಳೊಳಗೆ ಅವರು ಸಂಸಾರ ಕಟ್ಟಿಕೊಂಡು ಸೊಲ್ಲಾಪುರದ ಕಡೆ ಹೋದರು. ಮತ್ತೆ ಕಣ್ಣಿಗೆ ಬೀಳಲಿಲ್ಲ. ನಾನು ಕಮಲಾಪುರಕ್ಕೆ ಬಂದು ಇಂಜಿನ್ ರಿಪೇರಿ ಅಂಗಡಿ ಹಾಕಿದೆ, ಅದರಲ್ಲೇ ಮಕ್ಕಳನ್ನು ಬೆಳೆಸಿದೆ. ಈಗ ಕಾಲೇಜು ಹುಡುಗರು ಮೋಟರ್ ಸೈಕಲ್ ಮೇಲೆ ಬಂದು, "ಕಾಕಾ, ನಮ್ಮ ಪ್ರಾಜೆಕ್ಟ್ ಮಾಡಿಕೊಡ್ರಿ" ಎಂದು ದುಂಬಾಲು ಬೀಳುತ್ತಾರೆ. ಕೂರಿಸಿ, ಚಹಾ ಕುಡಿಸಿ, ನನಗೆ ಗೊತ್ತಿದ್ದುದನ್ನೆಲ್ಲ ಹೇಳಿಕೊಡುತ್ತೇನೆ. ಅವರು ತಂದ ಸಾಮಾನು ಮಾತ್ರ ಮುಟ್ಟುವುದಿಲ್ಲ. ಮುದುಕನಿಗೆ ಸೊಕ್ಕು ಎಂದು ಬೈದುಕೊಂಡು ಹೋಗುವವರೂ ಇದ್ದಾರೆ. ಬೈಯಲಿ.

ಉಸ್ತಾದ್ ಅವತ್ತೇ ನನ್ನನ್ನು ಕ್ಷಮಿಸಿದ್ದರು. ನನ್ನಿಂದ ಅದು ಇನ್ನೂ ಆಗಿಲ್ಲ.