ಭಾವನ ಕನ್ನಡದ ಕುರಿಗಳು

ನಮ್ಮ ಭಾವ, ಅಂದರೆ ಅಕ್ಕನ ಗಂಡ, ಬ್ಯಾಂಕಿನಲ್ಲಿ ಅಧಿಕಾರಿ. ಚೆನ್ನೈನ ಬೆಸೆಂಟ್ ನಗರದ ಮನೆಯ ಕಡಲಗಾಳಿ ಸಾಲದೆ, ಊರ ಹೊರಗೆ ಶೋಳಿಂಗನಲ್ಲೂರಿನಾಚೆ ಒಂದು ತುಂಡು ಜಮೀನು ಕೊಂಡು, ಕೊಡೈಕೆನಾಲ್ ಕಡೆಯಿಂದ ನಾಲ್ಕು ಉಣ್ಣೆ ಕುರಿ ತಂದು ಬಿಟ್ಟಿದ್ದರು. ಆಗಿನ್ನೂ ಅಲ್ಲಿಗೆ ಹೋಗುವ ರಸ್ತೆಯಲ್ಲಿ ಸಾಫ್ಟ್‌ವೇರ್ ಕಟ್ಟಡಗಳು ಏಳುತ್ತಿದ್ದವು. ಚೆನ್ನೈ ಸೆಕೆಯಲ್ಲಿ ಮನುಷ್ಯರಿಗೇ ಬನಿಯನ್ ಭಾರ, ಆ ಕುರಿಗಳಿಗೆ ಮೈತುಂಬ ಕಂಬಳಿ. ಇದೆಲ್ಲ ಯಾಕೆ ಎಂದು ಕೇಳಿದರೆ, "ಮಗಳಂತೂ ಬರೀ ತಮಿಳು. ಇವಾದ್ರೂ ಕನ್ನಡ ಕಲೀಲಿ ಬಿಡೋ" ಎಂದರು. ತಮಾಷೆ ಎಂದುಕೊಂಡೆ. ತಮಾಷೆ ಮಾಡುವಷ್ಟು ಬುದ್ಧಿ ಆ ಮನುಷ್ಯನಿಗೆ ಎಲ್ಲಿಂದ ಬರಬೇಕು? ಮನೆಯಲ್ಲಿ ಮಗಳೊಡನೆ ಅವರು ಆಡುತ್ತಿದ್ದುದು ಇಂಗ್ಲಿಷ್ ಮಾತ್ರ.

ಪ್ರತಿ ಭಾನುವಾರ ಬೇಲಿಯ ಬಳಿ ಕುರ್ಚಿ ಹಾಕಿಸಿಕೊಂಡು, "ಬನ್ರಪ್ಪಾ, ಬನ್ರಪ್ಪಾ, ನನ್ನ ಬಂಗಾರಗಳಾ" ಎಂದು ಮೈಸೂರಿನ ಮೆದು ಮಾತಿನಲ್ಲಿ ಕರೆಯುವರು. ಕುರಿಗಳು ತಿರುಗಿ ಕೂಡ ನೋಡುತ್ತಿರಲಿಲ್ಲ.

ಒಂದು ಏಪ್ರಿಲ್ ಮಧ್ಯಾಹ್ನ ಅವು ನಾಲಗೆ ಚಾಚಿ ಏದುಸಿರು ಬಿಡುತ್ತಿದ್ದವು. ಮಗಳು ಬಂದು, "ಅಪ್ಪಾ, ಅದುಂಗಳುಕ್ಕು ತಣ್ಣಿ ವೇಣುಂ" ಎಂದಳು. ಅವಕ್ಕೆ ನೀರು ಬೇಕಂತೆ. "ಡೋಂಟ್ ಡಿಸ್ಟರ್ಬ್ ಮಿ" ಎಂದು ಗದರಿದ ಭಾವ, ಮತ್ತೆ ಕುರಿಗಳತ್ತ ತಿರುಗಿ ಕನ್ನಡ ಮುಂದುವರಿಸಿದರು.

ಅವಳೇ ಹೋಗಿ ಬಕೆಟ್ಟಿನಲ್ಲಿ ನೀರು ತಂದಿಟ್ಟು, ಅಪ್ಪನದೇ ರಾಗದಲ್ಲಿ, "ಬನ್ರಪ್ಪಾ, ಬನ್ರಪ್ಪಾ, ನನ್ನ ಬಂಗಾರಗಳಾ" ಎಂದು ಕರೆದಳು. ಅವಳ ಬಾಯಲ್ಲಿ ನಾನು ಕೇಳಿದ ಮೊದಲ ಕನ್ನಡ ಅದು. ನಾಲ್ಕೂ ಕುರಿಗಳು ನೀರಿಗೆ ನುಗ್ಗಿದವು.

ಭಾವ ಕುರ್ಚಿಯಿಂದೆದ್ದು ಬಂದು ನನ್ನ ಭುಜ ತಟ್ಟಿದರು.

"ನೋಡಿದ್ಯೇನೋ? ಕುರಿಗಳಿಗೆ ಕನ್ನಡ ಬಂತು."