ಅಳಿಯಂದಿರ ಕಾರಿನ ನಡುಕ

ನನಗೆ ಹೊಟ್ಟೆಕಿಚ್ಚಾಗಿದ್ದು ಗಂಡನ ಮೇಲೆ, ಅದೂ ನನ್ನ ಸ್ವಂತ ಅಪ್ಪನ ವಿಷಯದಲ್ಲಿ. ಹೀಗೆಂದರೆ ಜನ ನಗುತ್ತಾರೆ. ನಗಲಿ. ಹೊಟ್ಟೆ ಉರಿದದ್ದು ನನಗೆ, ಅವರಿಗಲ್ಲವಲ್ಲ.

ಅಪ್ಪನದು ಶ್ರೀನಗರದಲ್ಲಿ ಒಂದು ಸಣ್ಣ ಗ್ಯಾರೇಜು. ನಾನೂ ಗಂಡನೂ ಜೆ.ಪಿ. ನಗರದಲ್ಲಿ ಬಾಡಿಗೆಗಿದ್ದೇವೆ. ಗಂಡನ ಹತ್ತಿರ ಚಿಕ್ಕದೊಂದು ಟರ್ಬೊ ಕಾರಿದೆ. ಶೋರೂಮಿನಿಂದ ಬಂದ ಹಾಗೆ ಅದನ್ನು ಇಟ್ಟುಕೊಳ್ಳುವ ಜಾಯಮಾನ ಅವನದಲ್ಲ. ಸೈಲೆನ್ಸರ್ ಬದಲಾಯಿಸಿದ, ಏರ್ ಫಿಲ್ಟರ್ ಬದಲಾಯಿಸಿದ, ಲ್ಯಾಪ್‌ಟಾಪ್ ಹಿಡಿದವರೊಬ್ಬರಿಂದ ಎಂಜಿನ್ನಿನ ಕಂಪ್ಯೂಟರಿಗೆ ಹೊಸ ಪಾಠ ಹೇಳಿಸಿಕೊಂಡು ಬಂದ. ಕೊನೆಗೆ, ಆಕ್ಸಿಲರೇಟರ್ ಬಿಟ್ಟ ಕೂಡಲೇ ಪುಸ್ಸೆಂದು ಗಾಳಿ ಉಗುಳುವ ಒಂದು ವಾಲ್ವು ತರಿಸಿ, ವಿಡಿಯೊ ನೋಡಿಕೊಂಡು, ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲಿ ತಾನೇ ಕೈಯಾರೆ ಕೂರಿಸಿದ. ಆ ಸದ್ದಿಗಾಗಿ ಆ ದಿನ ಸುಮ್ಮನೆ ಮೂರು ಸಲ ಔಟರ್ ರಿಂಗ್ ರೋಡಿಗೆ ಹೋಗಿ ಬಂದೆವು.

ನಡುಕ ಶುರುವಾಗಿದ್ದು ಆ ವಾರದಲ್ಲೇ. ಓಡುವಾಗ ಗಾಡಿ ಸರಿಯಾಗಿಯೇ ಇರುತ್ತಿತ್ತು. ಸಿಗ್ನಲ್ಲಿನಲ್ಲಿ ನಿಂತರೆ ಮಾತ್ರ ಸ್ಟಿಯರಿಂಗ್ ಗಡಗಡ ಎನ್ನುವುದು, ಮೀಟರಿನ ಮುಳ್ಳು ಮೇಲೆ ಕೆಳಗೆ ಕುಣಿಯುವುದು, ಕೆಲವೊಮ್ಮೆ ಎಂಜಿನ್ನೇ ಆಫ್. ಬನಶಂಕರಿ ಬಸ್ ನಿಲ್ದಾಣದ ಮುಂದೆ ಹಾಗೆ ನಿಂತಾಗ ಹಿಂದಿನ ಆಟೋದವರು ಹೇಳಿದ್ದು ಬರೆಯುವಂಥದ್ದಲ್ಲ. ಭಾನುವಾರ ಗಾಡಿಯನ್ನು ಅಪ್ಪನ ಹತ್ತಿರ ಒಯ್ದೆವು.

ಅಪ್ಪ ಕುರ್ಚಿ ಒರೆಸಿ ಅಳಿಯನಿಗೆ ಹಾಕಿದರು. ದರ್ಶಿನಿಯಿಂದ ಇಡ್ಲಿ ವಡೆ ತರಿಸಿದರು. ಬಾನೆಟ್ ಎತ್ತಿ, ಎಂಜಿನ್ ಮೇಲಿನ ಪ್ಲಾಸ್ಟಿಕ್ ಮುಚ್ಚಳ ತೆಗೆದು, ಗಾಡಿ ಸ್ಟಾರ್ಟ್ ಮಾಡಿಸಿ, ತಲೆ ಸ್ವಲ್ಪ ಓರೆ ಮಾಡಿ ನಿಂತರು. ನಾನೂ ಕೇಳಿಸಿಕೊಂಡೆ. ಎಡಗಡೆ ಒಳಗೆಲ್ಲೋ ಸಣ್ಣಗೆ ಸುಯ್ ಎನ್ನುತ್ತಿತ್ತು. ಅಪ್ಪನ ಕಣ್ಣು ಹೊಸ ವಾಲ್ವಿನ ಪೈಪಿನ ಮೇಲೆ ಒಂದು ಕ್ಷಣ ನಿಂತು ಬೇರೆ ಕಡೆ ಹೋಯಿತು. ಆಮೇಲೆ ಪ್ಲಗ್ಗುಗಳನ್ನು ಒಂದು ಸಲ ನೋಡೋಣ ಎಂದರು.

ಆ ಸದ್ದು ನನಗೆ ಗೊತ್ತಿತ್ತು. ಅಮ್ಮ ಶಾಲೆಯಲ್ಲಿ ಟೀಚರ್ ಆಗಿದ್ದರಿಂದ ಅವಳು ಬರುವ ತನಕ ನಾನು ಗ್ಯಾರೇಜಿನಲ್ಲೇ ಕೂತು ಹೋಮ್‌ವರ್ಕ್ ಮಾಡುತ್ತಿದ್ದೆ. ಹತ್ತು ವರ್ಷ ಎಂಜಿನ್ನುಗಳ ಸದ್ದಿನ ನಡುವೆ ಮಗ್ಗಿ ಕಲಿತವಳು ನಾನು. ಯಾವುದು ಮಿಸ್ ಹೊಡೆಯುತ್ತಿದೆ, ಯಾವುದು ಗಾಳಿ ಎಳೆಯುತ್ತಿದೆ ಎಂದು ಪುಸ್ತಕದಿಂದ ತಲೆ ಎತ್ತದೆ ಹೇಳುತ್ತಿದ್ದೆ. ಹೇಳಿದ್ದು ಸರಿಯಾದಾಗ ಅಪ್ಪ ನಗುತ್ತಿದ್ದರು, ಅಷ್ಟೆ. ಹತ್ತಿರ ಹೋದರೆ ಕೈ ಮಸಿ ಮಾಡಿಕೊಳ್ಳಬೇಡ, ಹೋಗಿ ಓದಿಕೋ ಎನ್ನುತ್ತಿದ್ದರು. ಓದಿದೆ. ಈಗ ಜಯನಗರದ ಒಂದು ಆಫೀಸಿನಲ್ಲಿ ಇಡೀ ದಿನ ಎಸಿ ಕೆಳಗೆ ಕೂರುತ್ತೇನೆ, ಕೈಗೆ ಮಸಿ ಅಂಟುವ ಪ್ರಶ್ನೆಯೇ ಇಲ್ಲ.

ಮೊದಲ ಭಾನುವಾರ ಪ್ಲಗ್ಗು ಬದಲಾಯಿಸಿದರು. ಎರಡನೆಯ ಭಾನುವಾರ ಪ್ಲಗ್ಗಿಗೆ ಕರೆಂಟು ಕೊಡುವ ಕಾಯಿಲ್ಲು ಬದಲಾಯಿಸಿ, ಗಾಳಿ ಒಳಬಿಡುವ ಥ್ರಾಟಲ್ ತೊಳೆದರು. ನಡುಕ ನಿಲ್ಲಲಿಲ್ಲ. ಗಂಡನಿಗೆ ಬೇಜಾರೂ ಇರಲಿಲ್ಲ. ಶನಿವಾರ ರಾತ್ರಿಯೇ ಹಳೆಯ ಟಿ-ಶರ್ಟ್ ತೆಗೆದಿಡುತ್ತಿದ್ದ. ಅಪ್ಪ ಅವನಿಗೆ ಸ್ಪ್ಯಾನರ್ ಹಿಡಿಯುವುದು ತೋರಿಸಿಕೊಟ್ಟರು. ಉದ್ದ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೂ ಹಿಡಿಯನ್ನು ಕಿವಿಗೂ ಒತ್ತಿ ಒಳಗಿನ ಸದ್ದು ಕೇಳುವುದು ಹೇಗೆಂದು ಹೇಳಿಕೊಟ್ಟರು. ಹಿಂದೆ ನಿಂತು, ಅವನ ಮೊಣಕೈ ಹಿಡಿದು, "ಇಲ್ಲಿ ಅಲ್ಲ ಅಳಿಯಂದ್ರೇ, ಸ್ವಲ್ಪ ಕೆಳಗೆ," ಎಂದರು. ನಾನು ಇಡ್ಲಿ ತಿನ್ನುತ್ತಿದ್ದೆ. ತಟ್ಟೆ ಪಕ್ಕಕ್ಕಿಟ್ಟೆ. ನನ್ನ ಮೊಣಕೈಯನ್ನು ಅವರು ಹಾಗೆ ಹಿಡಿದದ್ದು ರಸ್ತೆ ದಾಟುವಾಗ ಮಾತ್ರ.

ಗಂಡ ಒಳ್ಳೆಯವನು, ಅವನಿಗೆ ಕೇಡು ಬಯಸುವವಳಲ್ಲ ನಾನು. ಆದರೂ ಆ ಕ್ಷಣ ಸ್ಕ್ರೂಡ್ರೈವರ್ ಜಾರಿ ಅವನ ಕಿವಿಗೆ ಸ್ವಲ್ಪ ತಾಗಲಿ ಎನ್ನಿಸಿತು. ಮನೆಗೆ ಬರುವ ದಾರಿಯಲ್ಲಿ ಅವನು, ನಿಮ್ಮಪ್ಪ ಎಷ್ಟು ಚೆನ್ನಾಗಿ ಹೇಳಿಕೊಡುತ್ತಾರೆ ಗೊತ್ತಾ ಎಂದ. ಗೊತ್ತಿಲ್ಲ ಎಂದೆ. ಅವನು ತಮಾಷೆ ಎಂದುಕೊಂಡ.

ವಾರದ ಮಧ್ಯೆ ಅಪ್ಪನಿಗೆ ಫೋನ್ ಮಾಡಿ ನೇರವಾಗಿ ಕೇಳಿದೆ, ವಾಲ್ವಿನ ಪೈಪಿನ ಹತ್ತಿರ ಗಾಳಿ ಎಳೆಯುತ್ತಿರುವುದು ನಿಮಗೆ ಗೊತ್ತಿಲ್ಲವಾ ಎಂದು. ಎಂಜಿನ್ನಿಗೆ ಹೋಗುವ ಗಾಳಿಗೆ ಮುಂಬಾಗಿಲಲ್ಲಿ ಲೆಕ್ಕ ಇರುತ್ತದೆ. ಹಿಂಬಾಗಿಲಿನಿಂದ ಕಳ್ಳಗಾಳಿ ನುಗ್ಗಿದರೆ ಪೆಟ್ರೋಲಿನ ಅಳತೆ ತಪ್ಪಿ ಎಂಜಿನ್ ನಡುಗುತ್ತದೆ. ಇದು ಅಪ್ಪನಿಗೆ ತಿಳಿಯದ್ದೇನಲ್ಲ.

"ಗೊತ್ತು ಕಣಮ್ಮ. ಅವ್ರೇ ಕೈಯಾರೆ ಹಾಕಿರೋದು, ಪೈಪಿಗೆ ಕ್ಲಿಪ್ ಹಾಕೋದು ಮರ್ತಿದ್ದಾರೆ. ಮನೆ ಅಳಿಯಂಗೆ ನೀವು ಮಾಡಿದ್ದು ತಪ್ಪು ಅಂತ ನಾನು ಹೆಂಗ್ ಹೇಳ್ಲಿ? ಒಂದೊಂದೇ ನೋಡ್ಕೊಂಡು ಹೋದ್ರೆ ಅವ್ರಿಗೇ ಸಿಗುತ್ತೆ ಬಿಡು," ಎಂದರು.

ಅಳಿಯನ ಮರ್ಯಾದೆ ಉಳಿಸಲು ಸರಿಯಿದ್ದ ಪ್ಲಗ್ಗು, ಸರಿಯಿದ್ದ ಕಾಯಿಲ್ಲು ಕಿತ್ತು ಹಾಕಿದ್ದರು ಮಹರಾಯರು. ನನ್ನ ಒಂದು ಲೆಕ್ಕ ತಪ್ಪಿದರೆ ಗಿರಾಕಿಗಳ ಎದುರೇ ನೋಟ್‌ಬುಕ್ ಎಸೆದವರು. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ನಮ್ಮ ಮನೆಯಲ್ಲಿ ಹಿತ್ತಲ ಗಿಡಕ್ಕೆ ನೀರೂ ಹಾಕಿರಲಿಲ್ಲ. ನನಗೆ ಬೇಕಾಗಿದ್ದು ದೊಡ್ಡದೇನಲ್ಲ. ಒಂದು ಸಲ, ಒಂದೇ ಒಂದು ಸಲ, ಅಪ್ಪ ನನ್ನನ್ನೂ ಆ ಬಾನೆಟ್ಟಿನ ಕೆಳಗೆ ಕರೆಯಬೇಕಿತ್ತು.

ಮೂರನೆಯ ಭಾನುವಾರ ಅವರಿಬ್ಬರೂ ಟ್ಯಾಂಕಿನ ಪೆಟ್ರೋಲ್ ಖಾಲಿ ಮಾಡುವ ಮಾತಾಡುತ್ತಿದ್ದರು. ಪೆಟ್ರೋಲಿನಲ್ಲಿ ನೀರು ಸೇರಿರಬಹುದು ಎಂದು ಗಂಡ, ಇರಬಹುದು ಎಂದು ಅಪ್ಪ. ನನಗೆ ತಡೆಯಲಾಗಲಿಲ್ಲ. ಕೈಯಲ್ಲಿದ್ದ ಕಾಫಿ ಲೋಟ ಬೆಂಚಿನ ಮೇಲೆ ಕುಕ್ಕಿ ಎದ್ದೆ.

"ಪೆಟ್ರೋಲ್‌ನಲ್ಲಿ ಏನೂ ಇಲ್ಲ. ನೀನು ವಾಲ್ವಿಗೆ ಅಂತ ಪೈಪ್ ಜೋಡಿಸಿದ್ಯಲ್ಲ, ಅಲ್ಲಿ ಕ್ಲಿಪ್ಪೇ ಹಾಕಿಲ್ಲ. ಗಾಳಿ ಎಳೀತಿದೆ. ಅಪ್ಪಂಗೆ ಮೊದಲ್ನೇ ವಾರಾನೇ ಗೊತ್ತು," ಎಂದೆ.

ಒಳ್ಳೆಯ ಉದ್ದೇಶದಿಂದ ಹೇಳಿದೆ ಎಂದು ಸುಳ್ಳು ಬರೆಯುವುದಿಲ್ಲ. ಗಂಡನ ಮುಖ ಕೆಂಪಾಗಲಿ ಎಂದೇ ಹೇಳಿದ್ದು. ಕೆಂಪಾಯಿತು. ಅವನು ಅಪ್ಪನನ್ನು ನೋಡಿ, ಹೌದಾ ಮಾವ ಎಂದು ಮೆಲ್ಲಗೆ ಕೇಳಿದ. ಅಪ್ಪ ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತಲೇ ಇದ್ದರು. ನನ್ನ ಕಡೆ ತಿರುಗಿದಾಗ ಅವರಿಗೆ ಕೋಪ ನೆತ್ತಿಗೇರಿತ್ತು. ಹತ್ತು-ಹನ್ನೊಂದು ಸೈಜಿನ ಸ್ಪ್ಯಾನರನ್ನು ನನ್ನ ಮುಂದೆ ಚಾಚಿದರು.

"ಅಷ್ಟೆಲ್ಲಾ ಗೊತ್ತಿದ್ರೆ ನೀನೇ ಬಿಚ್ಚು."

ಕಸಿದುಕೊಂಡೆ. ಬಾನೆಟ್ಟಿನ ಕೆಳಗೆ ಬಗ್ಗಿದೆ. ಕ್ಲಿಪ್ಪಿಲ್ಲದ ಪೈಪು ಕಣ್ಣಿಗೆ ಬಿತ್ತು. ಅಲ್ಲಿಗೆ ಕೈ ಹೋಗಬೇಕಾದರೆ ವಾಲ್ವನ್ನು ಹಿಡಿದಿರುವ ಪಟ್ಟಿಯ ಬೋಲ್ಟು ಬಿಚ್ಚಬೇಕು. ಸ್ಪ್ಯಾನರನ್ನು ಬೋಲ್ಟಿಗೆ ಹಾಕಿ ಇದ್ದಬದ್ದ ಬಲವನ್ನೆಲ್ಲ ಹಾಕಿ ತಿರುಗಿಸಿದೆ. ಅಲುಗಲಿಲ್ಲ. ಇನ್ನೂ ಜೋರಾಗಿ ಒತ್ತಿದೆ. ಸ್ಪ್ಯಾನರ್ ಜಾರಿತು, ಬೆರಳಿನ ಗೆಣ್ಣು ತಗಡಿಗೆ ಉಜ್ಜಿ ಚರ್ಮ ಕಿತ್ತು ಬಂತು. ನೋವು ತೋರಿಸಿಕೊಳ್ಳದೆ ಮತ್ತೆ ಹಾಕಿದೆ.

"ಆ ಕಡೆ ಅಲ್ಲ," ಎಂದ ಗಂಡ. ಈಗಷ್ಟೇ ನನ್ನಿಂದ ಅವಮಾನಕ್ಕೊಳಗಾದವನು. ದನಿಯಲ್ಲಿ ಕೊಂಕಿರಲಿಲ್ಲ. "ಎಡಕ್ಕೆ. ನೀನು ಇನ್ನೂ ಟೈಟ್ ಮಾಡ್ತಿದೀಯ."

ಗ್ಯಾರೇಜಿನಲ್ಲಿ ಬೆಳೆದವಳು ನಾನು. ಸದ್ದು ಕೇಳಿ ರೋಗ ಹೇಳಬಲ್ಲೆ. ಬೋಲ್ಟು ಯಾವ ಕಡೆ ತಿರುಗಿಸಿದರೆ ಬಿಚ್ಚುತ್ತದೆ ಎಂಬುದು ನನ್ನ ಕೈಗೆ ಗೊತ್ತಿರಲಿಲ್ಲ. ಮೂರು ಭಾನುವಾರ ಬಂದು ಹೋದವನ ಕೈಗೆ ಗೊತ್ತಿತ್ತು.

ತಲೆ ಎತ್ತಿದಾಗ ಅಪ್ಪ ನನ್ನ ಬೆರಳನ್ನೇ ನೋಡುತ್ತಿದ್ದರು. ಕೋಪ ಎಲ್ಲಿ ಹೋಗಿತ್ತೋ. ಅಳಿಯ ಪಕ್ಕದಲ್ಲೇ ಇದ್ದಾನೆ ಎಂಬುದೂ ಅವರಿಗೆ ಮರೆತ ಹಾಗಿತ್ತು.

"ಇದನ್ನೂ ನಾನು ನಿಂಗೆ ಹೇಳ್ಕೊಟ್ಟಿಲ್ಲ ಅಲ್ವೇನಮ್ಮ?" ಎಂದರು.

ಹೋಗಲಿ ಬಿಡಿ ಅಪ್ಪ, ಅದರಲ್ಲೇನಿದೆ ಎನ್ನಬಹುದಿತ್ತು. ಹೆಣ್ಣುಮಕ್ಕಳು ಹಾಗೆ ಹೇಳುವುದು ವಾಡಿಕೆ. ಬಾಯಿಗೆ ಬಂದದ್ದನ್ನು ನುಂಗಿದೆ.

"ಇಲ್ಲಪ್ಪ," ಎಂದೆ. "ಹೇಳ್ಕೊಟ್ಟಿಲ್ಲ."